ಗಂಗಾವತಿಯ ರಸ್ತೆಗೆ ರೇಸಿನ ಕಾರು: ತರಬಹುದೇ, ತಂದರೆ ಓಡಿಸುವುದು ಹೇಗೆ?

ಪ್ರಶ್ನೆ: ಗಂಗಾವತಿಯಲ್ಲಿ ನಮ್ಮದು ಅಕ್ಕಿ ಗಿರಣಿ. ಬೆಂಗಳೂರಿನಲ್ಲಿ ನೋಂದಣಿಯಾಗಿರುವ, ಎರಡು ವರ್ಷ ಹಳೆಯದಾದ ಪೋರ್ಷೆ 911 ಜಿಟಿ3 ಆರ್‌ಎಸ್ ಕಾರೊಂದನ್ನು ಕೊಳ್ಳುವ ಮಾತುಕತೆ ನಡೆದಿದೆ. ಊರಿಗೆ ತಂದು ಭಾನುವಾರಗಳಂದು ಸಿಂಧನೂರು, ಕುಷ್ಟಗಿ, ಬಳ್ಳಾರಿಯ ಕಡೆ ಓಡಿಸಬೇಕೆಂಬ ಆಸೆ. ನಮ್ಮ ರಸ್ತೆಗಳಿಗೆ ಇದು ಹೊಂದುತ್ತದೆಯೇ? ಬೆಳಗಿನ ಜಾವ ನಾಲ್ಕು ಪಥದ ಹೆದ್ದಾರಿಯಲ್ಲಿ ಒಮ್ಮೆಯಾದರೂ 200ರ ವೇಗ ಮುಟ್ಟಿ ನೋಡಬಹುದೇ? ಗಿರಣಿಯ ಗೋದಾಮಿನಲ್ಲಿ ನಿಲ್ಲಿಸಿದರೆ ಸಾಕೇ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಲ್ಲಿ ನಡುವಿನದಕ್ಕೆ ಉತ್ತರ ಚಿಕ್ಕದು, ಆದ್ದರಿಂದ ಅದನ್ನು ಮೊದಲೇ ಮುಗಿಸುತ್ತೇನೆ: ಬೇಡ. 2018ರ ಕೇಂದ್ರ ಅಧಿಸೂಚನೆಯ ಪ್ರಕಾರ ವಿಭಜಕವಿರುವ ನಾಲ್ಕು ಪಥದ ರಸ್ತೆಯಲ್ಲಿ ಕಾರಿಗೆ ಗರಿಷ್ಠ ವೇಗ ಗಂಟೆಗೆ 100 ಕಿ.ಮೀ., ಊರೊಳಗಿನ ಹಾಗೂ ಉಳಿದ ಸಾಮಾನ್ಯ ರಸ್ತೆಗಳಲ್ಲಿ 70. ವೇಗದ ಪರೀಕ್ಷೆ ನಡೆಸುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನಡಿ ಬೇರೆಯೇ ಅಪರಾಧ, ಅದಕ್ಕೆ ಜೈಲು ಶಿಕ್ಷೆಯೂ ಇದೆ. ವಿಮಾ ಕರಾರುಗಳೂ ರೇಸು ಮತ್ತು ವೇಗ ಪರೀಕ್ಷೆಯ ಸಂದರ್ಭವನ್ನು ಹೊರಗಿಟ್ಟೇ ಬರೆಯಲ್ಪಟ್ಟಿರುತ್ತವೆ. ಆದರೆ ಕಾನೂನನ್ನು ಒಂದು ಕ್ಷಣ ಬದಿಗಿಟ್ಟರೂ ನನ್ನ ಉತ್ತರ ಬದಲಾಗುವುದಿಲ್ಲ. ಏಕೆಂಬುದನ್ನು ವಿವರಿಸಲು ನಿಮ್ಮ ಮೊದಲ ಪ್ರಶ್ನೆಗೆ ಬರಬೇಕಾಗುತ್ತದೆ.

ಈ ಜಾತಿಯ ಕಾರುಗಳು ಹುಟ್ಟಿದ್ದೇ ಒಂದು ಕಾಗದದ ಅಗತ್ಯಕ್ಕಾಗಿ. ರೇಸಿನ ನಿಯಮಾವಳಿ ಇಂತಿಷ್ಟು ಕಾರುಗಳನ್ನು ರಸ್ತೆಗೆಂದು ತಯಾರಿಸಿ ಮಾರಿರಬೇಕು ಎಂದು ಕೇಳುತ್ತಿತ್ತು. ಕಂಪನಿಗಳು ರೇಸಿನ ಯಂತ್ರಕ್ಕೆ ನಂಬರ್ ಪ್ಲೇಟನ್ನೂ ಇಂಡಿಕೇಟರನ್ನೂ ಹಚ್ಚಿ ಆ ಷರತ್ತನ್ನು ಪೂರೈಸುತ್ತಿದ್ದವು. 1973ರ ಪೋರ್ಷೆ ಕ್ಯಾರೆರಾ ಆರ್‌ಎಸ್ ಹಾಗೆ 500 ಬೇಕಿದ್ದಲ್ಲಿ 1,580 ಮಾರಾಟವಾಯಿತು. 1990ರ ದಶಕದ ಕೊನೆಯ 911 ಜಿಟಿ1, ಮರ್ಸಿಡಿಸ್ ಸಿಎಲ್‌ಕೆ ಜಿಟಿಆರ್ ಕಾರುಗಳ ರಸ್ತೆ ಆವೃತ್ತಿಗಳಂತೂ ಕೇವಲ ಎರಡಂಕಿಯಷ್ಟು ತಯಾರಾದವು. ಮೆಕ್‌ಲಾರೆನ್ ಎಫ್1ರ ಕಥೆ ತಿರುಗುಮುರುಗು: ರಸ್ತೆಗೆಂದೇ ವಿನ್ಯಾಸವಾದ ಆ ಕಾರು 1995ರಲ್ಲಿ ಲೆ ಮಾನ್ ರೇಸನ್ನು ಗೆದ್ದುಬಿಟ್ಟಿತು, ಎಲ್ಲ ಆವೃತ್ತಿ ಸೇರಿ ತಯಾರಾದದ್ದು 106 ಮಾತ್ರ. ನೀವು ಕೊಳ್ಳಹೊರಟಿರುವ ಜಿಟಿ3 ಆರ್‌ಎಸ್ ಅಷ್ಟು ವಿರಳವಲ್ಲವಾದರೂ ವಂಶ ಅದೇ. 525 ಅಶ್ವಶಕ್ತಿಯ 4 ಲೀಟರ್ ಎಂಜಿನ್ ಟರ್ಬೊ ಇಲ್ಲದೆ ನಿಮಿಷಕ್ಕೆ 9,000 ಸುತ್ತಿನವರೆಗೆ ತಿರುಗುತ್ತದೆ. ಮುಂದಿನ ಡಿಕ್ಕಿಯ ಜಾಗವನ್ನು ರೇಸಿನ ಕಾರಿನಲ್ಲಿರುವಂತೆ ಒಂದೇ ದೊಡ್ಡ ರೇಡಿಯೇಟರ್ ನುಂಗಿಹಾಕಿದೆ. ಅಂದರೆ ಬಳ್ಳಾರಿಯ ಸಂತೆಗೆ ಹೋದರೆ ಚೀಲ ಇಡಲು ನಿಮ್ಮ ಪಕ್ಕದ ಸೀಟೇ ಗತಿ.

ಇಂಥ ಕಾರಿನ ಬಗ್ಗೆ ಜನ ತಪ್ಪು ತಿಳಿಯುವುದು ಒಂದೇ ವಿಷಯದಲ್ಲಿ. ಅದು ಬಹಳ ಸಮರ್ಥ, ಆದ್ದರಿಂದ ಯಾವ ರಸ್ತೆಯಲ್ಲೂ ಸುಲಭ ಎಂದುಕೊಳ್ಳುತ್ತಾರೆ. ನಿಜ ಸಂಗತಿಯೆಂದರೆ ಅದರ ಸಾಮರ್ಥ್ಯವೆಲ್ಲ ಒಂದು ಕಿರಿದಾದ ಪಟ್ಟಿಯೊಳಗಿದೆ: ಇಷ್ಟು ವೇಗ, ಇಷ್ಟು ಬಿಸಿ, ಇಷ್ಟು ನುಣುಪಾದ ನೆಲ. ಆ ಪಟ್ಟಿಯ ಕೆಳಗೆ ಅದು ಸಾಮಾನ್ಯ ಕಾರಿಗಿಂತ ಸೂಕ್ಷ್ಮ, ಕೆಲವು ವಿಷಯಗಳಲ್ಲಿ ಸಾಮಾನ್ಯ ಕಾರಿಗಿಂತ ಕಡಿಮೆ. ನಮ್ಮ ಕೊಪ್ಪಳ, ರಾಯಚೂರು, ಬಳ್ಳಾರಿಯ ರಸ್ತೆಗಳು ಆ ಪಟ್ಟಿಯನ್ನು ಮುಟ್ಟುವುದೇ ಇಲ್ಲ.

ಹಿಂದಿನ ದೊಡ್ಡ ರೆಕ್ಕೆಯನ್ನೇ ನೋಡಿ. ಈ ಕಾರು 285 ಕಿ.ಮೀ. ವೇಗದಲ್ಲಿ 860 ಕೆ.ಜಿ.ಯಷ್ಟು ಗಾಳಿಯ ಒತ್ತಡವನ್ನು ತನ್ನ ಮೇಲೆ ತಾನೇ ಹೇರಿಕೊಂಡು ನೆಲಕ್ಕೆ ಕಚ್ಚಿ ಓಡುತ್ತದೆ, 200ರಲ್ಲಿ 409 ಕೆ.ಜಿ. ಆದರೆ ಈ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ 100ಕ್ಕೆ ಇಳಿದರೆ ಉಳಿಯುವುದು ಸುಮಾರು 100 ಕೆ.ಜಿ., 60ಕ್ಕೆ ಇಳಿದರೆ 40 ಕೆ.ಜಿ.ಗೂ ಕಡಿಮೆ, ಒಂದು ಸಿಮೆಂಟ್ ಚೀಲದಷ್ಟೂ ಇಲ್ಲ. ಗಂಗಾವತಿಯಿಂದ ಕಾರಟಗಿಗೆ ಹೋಗುವಾಗ ಆ ರೆಕ್ಕೆ ಅಲಂಕಾರ, ಅಷ್ಟೇ.

ಟೈರಿನದೂ ಹೀಗೆಯೇ. ಕಾರಿನ ಜೊತೆ ಬರುವ ಟೈರುಗಳು ರೇಸ್ ಟ್ರ್ಯಾಕಿನ ಬಿಸಿಯಲ್ಲಿ ಅಂಟಿಕೊಳ್ಳುವಂತೆ ಮಾಡಿದ, ತೋಡುಗಳು ಕಡಿಮೆ ಇರುವ ರಬ್ಬರಿನವು. ಹಿಂದಿನವುಗಳ ಅಗಲ 335 ಮಿ.ಮೀ. ಬೇಸಿಗೆಯಲ್ಲಿ ನಮ್ಮ ಡಾಂಬರು ಕಾದಿರುವುದರಿಂದ ಹಿಡಿತದ ಚಿಂತೆಯಿಲ್ಲ, ಆದರೆ ಗಾಳಿಯ ಒತ್ತಡವನ್ನು ನೋಡಿಕೊಳ್ಳಬೇಕು: ಟೈರಿನೊಳಗಿನ ಉಷ್ಣತೆ 10 ಡಿಗ್ರಿ ಏರಿದರೆ ಒತ್ತಡ ಸರಿಸುಮಾರು 0.1 ಬಾರ್, ಅಂದರೆ ಒಂದೂವರೆ ಪೌಂಡ್ ಏರುತ್ತದೆ. ಬೆಂಗಳೂರಿನ ತಂಪು ನೆಲಮಾಳಿಗೆಯಲ್ಲಿ ಹೊಂದಿಸಿದ ಒತ್ತಡವನ್ನು ನಂಬಿ ಏಪ್ರಿಲ್ ಮಧ್ಯಾಹ್ನದಲ್ಲಿ ಓಡಿಸಬೇಡಿ. ಬೆಳಿಗ್ಗೆ, ನೆರಳಿನಲ್ಲಿ, ಊರಿನಲ್ಲೇ ಮತ್ತೊಮ್ಮೆ ಅಳೆಯಿರಿ. ನಿಜವಾದ ಅಪಾಯ ಇರುವುದು ಮುಂಗಾರಿನಲ್ಲಿ. ಎಡದಂಡೆ ಕಾಲುವೆಗೆ ನೀರು ಬಿಟ್ಟು ನಾಟಿ ಶುರುವಾಯಿತೆಂದರೆ ಗದ್ದೆಯಲ್ಲಿ ಕೆಸರು ತುಳಿದ ಟ್ರ್ಯಾಕ್ಟರುಗಳು ಅದೇ ಚಕ್ರದಲ್ಲಿ ರಸ್ತೆಗೆ ಹತ್ತುತ್ತವೆ, ಎರೆಮಣ್ಣಿನ ಹೆಂಟೆಗಳನ್ನು ಡಾಂಬರಿನ ಮೇಲೆ ಮೈಲಿಗಟ್ಟಲೆ ಉದುರಿಸುತ್ತ ಸಾಗುತ್ತವೆ. ಅದರ ಮೇಲೆ ನಾಲ್ಕು ಹನಿ ಬಿದ್ದರೆ ಸಾಕು, ಸಾಬೂನು ಸವರಿದಂತಾಗುತ್ತದೆ. ತೋಡು ಕಡಿಮೆಯಿರುವ ಅಗಲ ಟೈರು ಅಲ್ಲಿ ನೆಲ ಹಿಡಿಯುವ ಬದಲು ತೇಲುತ್ತದೆ. ನಿಮ್ಮ ಹಿಂದೆ ಬರುತ್ತಿರುವ ಹಳೆಯ ಜೀಪು ನಿಮಗಿಂತ ಭದ್ರವಾಗಿರುತ್ತದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಗಂಗಾವತಿ–ಸಿಂಧನೂರು ಕಡೆ ಈ ಕಾರನ್ನು ಒಯ್ಯಲೇಬೇಡಿ, ಅಥವಾ ಅದೇ ಅಳತೆಯ ಸಾಮಾನ್ಯ ರಸ್ತೆ ಟೈರುಗಳನ್ನು ಹಾಕಿಸಿಕೊಳ್ಳಿ.

ಎರೆಮಣ್ಣಿನ ವಿಷಯ ಇಲ್ಲಿಗೇ ಮುಗಿಯುವುದಿಲ್ಲ. ಈ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ; ಅದರ ಮೇಲೆ ಹಾಸಿದ ರಸ್ತೆ ನಾಲ್ಕಾರು ವರ್ಷಗಳಲ್ಲಿ ಅಲೆ ಅಲೆಯಾಗುತ್ತದೆ. ಸಿರುಗುಪ್ಪ, ಸಿಂಧನೂರು, ಮಸ್ಕಿಯ ಕಡೆ ಓಡಾಡಿದವರಿಗೆ ಆ ತೂಗಾಟ ಗೊತ್ತು. ಒಂದು ಅಲೆಯ ಉದ್ದ 12 ಮೀಟರ್ ಎಂದಿಟ್ಟುಕೊಳ್ಳೋಣ. ಮನೆಯ ಸಾಮಾನ್ಯ ಕಾರಿನ ಸ್ಪ್ರಿಂಗುಗಳು ಸೆಕೆಂಡಿಗೆ ಸುಮಾರು 1.2 ಬಾರಿ ತೂಗುವ ಸ್ವಭಾವದವು, ಆದ್ದರಿಂದ ಅದು ಆ ಅಲೆಗಳ ಜೊತೆ ತಾಳ ಸೇರಿ ಹೆಚ್ಚು ಕುಣಿಯುವುದು ಗಂಟೆಗೆ 50 ಕಿ.ಮೀ. ಆಸುಪಾಸಿನಲ್ಲಿ. 80ರಲ್ಲಿ ಅದು ಅಲೆಗಳ ಮೇಲೆ ನಿರಾತಂಕವಾಗಿ ಹಾಯ್ದುಹೋಗುತ್ತದೆ. ರೇಸಿನ ಮೂಲದ ಕಾರಿನ ಬಿಗಿ ಸ್ಪ್ರಿಂಗುಗಳ ತೂಗು ಸೆಕೆಂಡಿಗೆ 2ಕ್ಕೂ ಮೇಲೆ. ಲೆಕ್ಕ ಹಾಕಿದರೆ ಅದು ತಾಳ ಸೇರುವ ವೇಗ 90ರಿಂದ 100. ಅಂದರೆ ನಿಮ್ಮ ಮನೆಯ ಇನ್ನೋವಾ ಸರಾಗವಾಗಿ ದಾಟಿದ ರಸ್ತೆಯಲ್ಲಿ, ಅದೇ ಹೆದ್ದಾರಿ ವೇಗದಲ್ಲಿ, ಈ ಕಾರು ಮೂತಿ ಎತ್ತಿ ಇಳಿಸಿ ಹೊಟ್ಟೆ ಉಜ್ಜತೊಡಗುತ್ತದೆ. ಚಾಲಕ ಗಾಬರಿಯಾಗಿ ಬ್ರೇಕ್ ಒತ್ತಿದರೆ ಮೂತಿ ಇನ್ನಷ್ಟು ತಗ್ಗುತ್ತದೆ. ಇಲ್ಲಿ ಮಾಡಬೇಕಾದದ್ದು ಕಾಲನ್ನು ಆಕ್ಸಿಲರೇಟರಿನಿಂದ ಮೆಲ್ಲಗೆ ಎತ್ತುವುದು. 70ಕ್ಕೆ ಇಳಿದರೆ ಕುಣಿತ ತಾನಾಗಿ ತಣಿಯುತ್ತದೆ.

ಕಾಲುವೆಯ ಉಪನಾಲೆಗಳ ಮೇಲಿನ ಗೂನು ಸೇತುವೆಗಳನ್ನೂ ಇದೇ ಎಚ್ಚರದಿಂದ ದಾಟಬೇಕು. ತನ್ನ ಅಡಿಯ ಗಾಳಿಯನ್ನು ಹೀರಿ ನೆಲಕ್ಕೆ ಅಂಟುವ ಕಾರಿನ ಮೂತಿ ದಿಬ್ಬದ ತುದಿಯಲ್ಲಿ ಮೇಲೆದ್ದರೆ ಅದೇ ಗಾಳಿ ಒಳನುಗ್ಗಿ ಎತ್ತುವ ಕೆಲಸ ಮಾಡುತ್ತದೆ. 1999ರ ಲೆ ಮಾನ್‌ನಲ್ಲಿ ಮರ್ಸಿಡಿಸ್ ಸಿಎಲ್‌ಆರ್ ಕಾರುಗಳು ಮೂರು ಸಲ ಹೀಗೆ ಗಾಳಿಗೆ ಹಾರಿ ಮಗುಚಿದ್ದವು. ಅವು ಅಪ್ಪಟ ರೇಸ್ ಕಾರುಗಳು, ವೇಗವೂ 300ರ ಹತ್ತಿರ; ನಿಮ್ಮ ಕಾರಿಗೂ ಅದೇ ಗತಿ ಎಂದು ಹೆದರಿಸುತ್ತಿಲ್ಲ. ಆದರೆ 200ರಲ್ಲಿ ಸೇತುವೆಯ ಗೂನು ಎದುರಾದರೆ ಚಕ್ರದ ಮೇಲಿನ ಭಾರ ಕ್ಷಣಕಾಲ ಇಲ್ಲವಾಗುತ್ತದೆ ಎಂಬುದು ಖಚಿತ, ಆ ಕ್ಷಣದಲ್ಲಿ ಸ್ಟಿಯರಿಂಗ್ ಬರೀ ಒಂದು ಬಳೆ.

ಇನ್ನು ನಮ್ಮ ಭಾಗದ ಕುಲದೇವರಾದ ಹಂಪ್ಸ್. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡದಂತೆ ಕಟ್ಟಿದ ರಸ್ತೆ ಉಬ್ಬು 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರುತ್ತದೆ. ಅದರ ಮೇಲೆ ಈ ಕಾರು ಮಧ್ಯಕ್ಕೆ ಬಂದಾಗ ಎರಡು ಗಾಲಿಗಳ ನಡುವೆ ಉಬ್ಬು ಮೇಲೇಳುವುದು ಸುಮಾರು ನಾಲ್ಕೂವರೆ ಸೆಂ.ಮೀ. ಮಾತ್ರ, ಹೊಟ್ಟೆ ತಾಗುವುದಿಲ್ಲ. ಮೂತಿಯ ಕತೆ ಬೇರೆ: ಮುಂಗಾಲಿಗಿಂತ ಸುಮಾರು ಒಂದು ಮೀಟರ್ ಮುಂದೆ ಚಾಚಿಕೊಂಡಿರುವ ತುಟಿ, ಗಾಲಿ ಉಬ್ಬನ್ನು ಮುಟ್ಟುವ ಹೊತ್ತಿಗೆ 8 ಸೆಂ.ಮೀ. ಎತ್ತರದ ನೆಲದ ಮೇಲೆ ಬಂದಿರುತ್ತದೆ. ನೆಲದಿಂದ 9–10 ಸೆಂ.ಮೀ. ಎತ್ತರವಿರುವ ತುಟಿಗೆ ಉಳಿಯುವುದು ಒಂದೆರಡು ಸೆಂ.ಮೀ.; ಬ್ರೇಕ್ ಒತ್ತಿಕೊಂಡೇ ಉಬ್ಬಿಗೆ ಬಂದರೆ ಅದೂ ಉಳಿಯದು. ಹಾಗಾಗಿ ಬ್ರೇಕ್ ಮುಂಚೆಯೇ ಮುಗಿಸಿ, ಉಬ್ಬಿನ ಬುಡದಲ್ಲಿ ಕಾಲು ತೆಗೆದು, ಕಾರು ಮಟ್ಟವಾದ ಮೇಲೆ ಹತ್ತಿಸಿ. ಮೂತಿ ಎತ್ತುವ ಸಾಧನ ಈ ಕಾರಿಗೆ ಐಚ್ಛಿಕ. ನೀವು ನೋಡುತ್ತಿರುವ ಕಾರಿನಲ್ಲಿ ಅದಿಲ್ಲದಿದ್ದರೆ ಆ ಕಾರನ್ನು ಕೊಳ್ಳಬೇಡಿ ಎಂಬುದು ನನ್ನ ಸ್ಪಷ್ಟ ಸಲಹೆ.

ಆದರೆ ನಮ್ಮ ಹಳ್ಳಿಗಳ ಹಂಪ್ಸ್ ಯಾವ ಮಾನದಂಡವನ್ನೂ ಓದಿ ಹುಟ್ಟಿದವಲ್ಲ. ಅಪಘಾತವಾದ ಮರುದಿನ ಊರವರು ಸೇರಿ ಮರಂ ಮತ್ತು ಡಾಂಬರು ಸುರಿದು ಮಾಡಿದ, ಎರಡಡಿ ಅಗಲದ, ಅರ್ಧ ಅಡಿ ಎತ್ತರದ ಉಬ್ಬು ಇಡಿಯಾಗಿ ಎರಡು ಗಾಲಿಗಳ ನಡುವೆ ಬಂದು ನಿಲ್ಲುತ್ತದೆ, 15 ಸೆಂ.ಮೀ. ಎತ್ತರದ ಉಬ್ಬನ್ನು 10 ಸೆಂ.ಮೀ. ಎತ್ತರದ ಹೊಟ್ಟೆ ದಾಟುವ ಉಪಾಯ ನೇರ ಹಾದಿಯಲ್ಲಿ ಇಲ್ಲ. ಓರೆಯಾಗಿ, ಒಂದೊಂದೇ ಗಾಲಿ ಹತ್ತುವಂತೆ ಹೋದರೆ ಯಾವುದಾದರೊಂದು ಗಾಲಿ ಉಬ್ಬಿನ ಮೇಲಿದ್ದು ಕಾರನ್ನು ಎತ್ತಿ ಹಿಡಿಯುವುದರಿಂದ ಕೆಲವೊಮ್ಮೆ ಪಾರಾಗಬಹುದು, ಆದರೆ ಅದಕ್ಕೆ ಪೂರ್ತಿ ರಸ್ತೆಯ ಅಗಲ ಬೇಕು, ಎದುರಿನಿಂದ ಬರುವ ಟಂಟಂ ನಿಲ್ಲಬೇಕು. ಕಾರು ತರುವ ಮೊದಲು ಅಳತೆ ಕೋಲು ಹಿಡಿದು ಬೈಕಿನಲ್ಲಿ ನಿಮ್ಮ ದಾರಿಯನ್ನು ಒಮ್ಮೆ ಸುತ್ತಿ ಬನ್ನಿ. ಹಾಸ್ಯಕ್ಕೆ ಹೇಳುತ್ತಿಲ್ಲ, ಪರಿಚಿತರೊಬ್ಬರ ತಗ್ಗು ಕಾರಿಗಾಗಿ ನಾನೇ ಹೀಗೆ ಬಳ್ಳಾರಿಯ ಸುತ್ತಲಿನ ಉಬ್ಬುಗಳನ್ನು ಅಳೆದಿದ್ದೇನೆ, ಕೊನೆಗೆ ಅವರಿಗೆ ಉಳಿದದ್ದು ಒಂದೇ ದಾರಿ. ನಿಮಗೂ ಬಹುಶಃ ಉಳಿಯುವುದು ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಅಥವಾ ಕುಷ್ಟಗಿಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50. ಗಂಗಾವತಿಯಿಂದ ಅದನ್ನು ಸೇರುವ ತನಕದ ಹಾದಿಯೇ ನಿಮ್ಮ ಪರೀಕ್ಷೆ. ಸುಗ್ಗಿಯಲ್ಲಿ ಅದೇ ಹಾದಿಯ ಅರ್ಧ ಭಾಗದ ಮೇಲೆ ಭತ್ತ ಹರಡಿರುತ್ತದೆಂಬುದನ್ನು ಗಿರಣಿಯವರಾದ ನಿಮಗೆ ಹೇಳಬೇಕಿಲ್ಲ.

ಭತ್ತದ ಮಾತು ಬಂದದ್ದರಿಂದ ಬಿಸಿಯ ವಿಷಯ. ದೊಡ್ಡ ರೇಡಿಯೇಟರ್ ಇದೆ, ಆದರೆ ಅದು ನಂಬಿರುವುದು ವೇಗವಾಗಿ ನುಗ್ಗುವ ಗಾಳಿಯನ್ನು. ಹುಲ್ಲು ಹೇರಿದ ಟ್ರ್ಯಾಕ್ಟರಿನ ಹಿಂದೆ 15 ಕಿ.ಮೀ. ವೇಗದಲ್ಲಿ, 42 ಡಿಗ್ರಿ ಬಿಸಿಲಿನಲ್ಲಿ ತೆವಳುವಾಗ ಫ್ಯಾನುಗಳೇ ಗತಿ. ಮೇಲಾಗಿ ನಮ್ಮ ಗಾಳಿಯಲ್ಲಿ ಕಾಲಕ್ಕೊಂದು ಸರಕು: ಸುಗ್ಗಿಯಲ್ಲಿ ಭತ್ತದ ಹೊಟ್ಟು, ರಾಯಚೂರಿನ ಕಡೆ ಹತ್ತಿಯ ಎಳೆ, ಸಂಡೂರು–ತೋರಣಗಲ್ಲಿನ ಕಡೆ ಅದಿರಿನ ಕೆಂಪು ದೂಳು. ಮೇಲೆ ಹೇಳಿದ ಪರಿಚಿತರ ಕಾರು ಕಾರಣವಿಲ್ಲದೆ ಕಾಯುತ್ತಿದೆಯೆಂದು ಮುಂಭಾಗ ಬಿಚ್ಚಿದಾಗ ರೇಡಿಯೇಟರಿನ ಸಂದುಗಳಲ್ಲಿ ಹತ್ತಿ ಮತ್ತು ಹೊಟ್ಟು ಸೇರಿ ಕಂಬಳಿಯಂತೆ ಹೆಪ್ಪುಗಟ್ಟಿತ್ತು. ಪ್ರತಿ ಓಟದ ನಂತರ ಮೃದುವಾದ ಕುಂಚ ಮತ್ತು ಕಡಿಮೆ ಒತ್ತಡದ ನೀರಿನಿಂದ ತೊಳೆಯಬೇಕು; ವಾಷಿಂಗ್ ಸೆಂಟರಿನ ಹೈಪ್ರೆಶರ್ ಪೈಪು ಹಿಡಿದರೆ ರೇಡಿಯೇಟರಿನ ತೆಳುವಾದ ರೆಕ್ಕೆಗಳು ಬಾಗಿ ಗಾಳಿಯ ದಾರಿಯೇ ಮುಚ್ಚುತ್ತದೆ. ಏರ್ ಫಿಲ್ಟರನ್ನು ಕಂಪನಿ ಹೇಳಿದ ಅವಧಿಯ ಅರ್ಧಕ್ಕೇ ಬದಲಿಸಿ. ಟ್ರ್ಯಾಕ್ಟರಿನ ಹಿಂದೆ ಇಂಚಿಂಚು ತೆವಳುವುದು ಗೇರ್‌ಬಾಕ್ಸಿನ ಜೋಡಿ ಕ್ಲಚ್ಚಿಗೂ ಹಿತವಲ್ಲ, ಅರೆಹಿಡಿತದಲ್ಲಿ ಜಾರುತ್ತ ಅದು ಕಾಯುತ್ತದೆ. ನಿಂತು, ಮುಂದೆ ಜಾಗವಾದ ಮೇಲೆ ಒಮ್ಮೆಗೆ ಸಾಗುವುದು ಮೇಲು.

ಪೆಟ್ರೋಲಿನ ಬಗ್ಗೆ ಎಲ್ಲರೂ ಕೇಳುವುದರಿಂದ ಒಂದೆರಡು ಮಾತು. ಈ ಎಂಜಿನ್ 98 ಆಕ್ಟೇನನ್ನು (ಒತ್ತಡದಲ್ಲಿ ಅಕಾಲಕ್ಕೆ ಹೊತ್ತಿಕೊಳ್ಳದೆ ತಾಳುವ ಪೆಟ್ರೋಲಿನ ಗುಣದ ಅಳತೆ) ನಿರೀಕ್ಷಿಸಿ ಕಟ್ಟಿದ್ದು. 100 ಆಕ್ಟೇನಿನ ಪೆಟ್ರೋಲು ಮಹಾನಗರಗಳ ಆಯ್ದ ಬಂಕುಗಳಲ್ಲಿ ಮಾತ್ರ ಸಿಗುತ್ತದೆ. ನಮ್ಮಲ್ಲಿ ಸಿಗುವ ಇ20, ಅಂದರೆ ಶೇ. 20ರಷ್ಟು ಇಥೆನಾಲ್ ಬೆರೆಸಿದ ಪೆಟ್ರೋಲಿನ ಆಕ್ಟೇನ್ ಮಾನದಂಡ 95. ಎಂಜಿನ್ನಿನ ಸಂವೇದಕಗಳು ಇದನ್ನು ಗ್ರಹಿಸಿ ಕಿಡಿಯ ಸಮಯವನ್ನು ಹಿಂದೂಡುತ್ತವೆ, ಆದ್ದರಿಂದ ನಿಧಾನ ಓಟಕ್ಕೆ ತೊಂದರೆಯಿಲ್ಲ, ಸುಡು ಬಿಸಿಲಿನಲ್ಲಿ ಪೂರ್ತಿ ಒತ್ತುವುದನ್ನು ಬಿಡಬೇಕು. ಇಥೆನಾಲ್ ತೇವವನ್ನು ಹೀರುವುದರಿಂದ ತಿಂಗಳುಗಟ್ಟಲೆ ಅರೆ ಟ್ಯಾಂಕಿನಲ್ಲಿ ನಿಲ್ಲಿಸಬೇಡಿ.

ಪಂಕ್ಚರ್ ಆದರೆ? ಇದಕ್ಕೆ ಸ್ಟೆಪ್ನಿ ಇಲ್ಲ. ಗಾಲಿಯನ್ನು ಹಿಡಿದಿರುವುದು ನಾಲ್ಕೈದು ನಟ್ಟುಗಳಲ್ಲ, ರೇಸಿನ ಕಾರಿನಂತೆ ಮಧ್ಯದ ಒಂದೇ ದೊಡ್ಡ ನಟ್ಟು, ಅದನ್ನು 600 ನ್ಯೂಟನ್ ಮೀಟರ್ ಬಲದಲ್ಲಿ ಬಿಗಿಯಬೇಕು. ಕುಷ್ಟಗಿಯ ಕ್ರಾಸಿನ ಪಂಕ್ಚರ್ ಅಂಗಡಿಯ ಹುಡುಗ ಎಷ್ಟೇ ಚತುರನಾದರೂ ಪೈಪು ಸಿಕ್ಕಿಸಿ ಕುಣಿದು ಬಿಗಿಯುವ ಕೆಲಸವಲ್ಲ ಅದು. ಫ್ಲ್ಯಾಟ್‌ಬೆಡ್ ಲಾರಿಯವರ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಟ್ಟುಕೊಳ್ಳಿ, ಅವರ ಇಳಿಜಾರು ಹಲಗೆ ಉದ್ದದ್ದೇ ಎಂದು ಕೇಳಿಟ್ಟುಕೊಳ್ಳಿ.

ಈಗ ಮತ್ತೆ ನಿಮ್ಮ 200ರ ಆಸೆಗೆ ಬರುತ್ತೇನೆ. ಗಂಟೆಗೆ 100 ಕಿ.ಮೀ. ವೇಗದಲ್ಲಿ ಅಪಾಯ ಕಂಡು ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ, ಒಂದೂವರೆ ಸೆಕೆಂಡ್ ಹಿಡಿದರೂ, ಕಾರು 42 ಮೀಟರ್ ಸಾಗಿರುತ್ತದೆ. ಆಮೇಲೆ ಈ ಕಾರು ಮೂವತ್ತು ಚಿಲ್ಲರೆ ಮೀಟರಿನಲ್ಲಿ ನಿಂತೀತು, ಸಾಮಾನ್ಯ ಕಾರಿಗೆ ನಲವತ್ತು ದಾಟುತ್ತದೆ. ಕೋಟಿಗಟ್ಟಲೆ ಕೊಟ್ಟು ನೀವು ಪಡೆದ ಲಾಭ ಹತ್ತು ಮೀಟರ್, ನಿಮ್ಮ ಹಿಂದಿರುವ ಅದಿರಿನ ಲಾರಿಗೆ ಆ ಲಾಭವಿಲ್ಲ. 200ರಲ್ಲಿ ಯೋಚಿಸುವುದಕ್ಕೇ 83 ಮೀಟರ್, ನಿಲ್ಲುವುದಕ್ಕೆ ಮತ್ತೆ 140ರಷ್ಟು. ಬೆಳಗಿನ ಜಾವದ ಮಬ್ಬಿನಲ್ಲಿ ತಗ್ಗಿಸಿದ ದೀಪದ ಬೆಳಕು ಇದರ ಕಾಲುಭಾಗವನ್ನೂ ಸರಿಯಾಗಿ ತೋರಿಸುವುದಿಲ್ಲ. ಹಿಂಬದಿ ದೀಪವಿಲ್ಲದ ಟ್ರೇಲರು, ವಿಭಜಕದ ಸಂದಿನಿಂದ ದಾಟುವ ಕುರಿಹಿಂಡು, ತಪ್ಪು ಬದಿಯಲ್ಲಿ ಬರುವ ಹಾಲಿನ ಬೈಕು, ಇವೆಲ್ಲ ನಮ್ಮ ಹೆದ್ದಾರಿಯ ನಿತ್ಯದ ಪಾತ್ರಗಳು. ಅವರ ಕಣ್ಣಿಗೆ ನೀವು ಕಾಣುವುದೂ ಕಷ್ಟ: ಸೊಂಟದೆತ್ತರಕ್ಕೆ ಸ್ವಲ್ಪ ಮೇಲಷ್ಟೇ ಇರುವ ಕಾರು ಲಾರಿಯ ಎಡಮಗ್ಗುಲಲ್ಲಿದ್ದರೆ ಚಾಲಕನ ಕನ್ನಡಿಯಲ್ಲಿ ಅದು ಇಲ್ಲವೇ ಇಲ್ಲ. ಎಂದೂ ಎಡದಿಂದ ಮುಂದೆ ಹೋಗಬೇಡಿ, ಹಗಲಿನಲ್ಲೂ ದೀಪ ಹಾಕಿಯೇ ಓಡಿಸಿ.

ಈ ಎಂಜಿನ್ನಿನ ರುಚಿ ಇರುವುದು 6,000 ಸುತ್ತಿನ ಮೇಲೆ, ಅಲ್ಲಿಗೆ ಹೋದರೆ ಎರಡನೇ ಗೇರ್ ಮುಗಿಯುವ ಮೊದಲೇ ಹೆದ್ದಾರಿಯ ಮಿತಿ ದಾಟಿರುತ್ತದೆ. ಆ ರುಚಿ ಬೇಕೆಂದರೆ ಚೆನ್ನೈ ಬಳಿಯ ಇರುಂಗಾಟ್ಟುಕೋಟೆಯಲ್ಲಿ 3.7 ಕಿ.ಮೀ. ಉದ್ದದ ಟ್ರ್ಯಾಕ್ ಇದೆ, ಕೊಯಮತ್ತೂರಿನಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ, ದೂರವಾದರೂ 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದ ಗ್ರೇಟರ್ ನೊಯ್ಡಾದ ಬುದ್ಧ್ ಸರ್ಕಿಟ್ ಇದೆ. ವರ್ಷಕ್ಕೆ ಎರಡು ಸಲ ಕಾರನ್ನು ಲಾರಿಯಲ್ಲಿ ಹೇರಿಕೊಂಡು ಅಲ್ಲಿಗೆ ಹೋಗಿ, ಒಬ್ಬ ತರಬೇತುದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ಟ್ರ್ಯಾಕಿನಲ್ಲಿ ಆಗುವ ಹಾನಿಗೆ ನಿಮ್ಮ ಮಾಮೂಲಿ ವಿಮೆ ಬರುವುದಿಲ್ಲ ಎಂಬುದನ್ನು ಮರೆಯದಿರಿ.

ಕಾಗದಪತ್ರದಲ್ಲಿ ಹೆಚ್ಚಿನ ತೊಡಕಿಲ್ಲ. ನೋಂದಣಿ ರಾಜ್ಯದೊಳಗಿನದೇ ಆದ್ದರಿಂದ ಜೀವಿತಾವಧಿ ತೆರಿಗೆಯನ್ನು ಮತ್ತೆ ಕಟ್ಟಬೇಕಿಲ್ಲ, ಮಾಲೀಕತ್ವದ ವರ್ಗಾವಣೆಯನ್ನು 30 ದಿನಗಳೊಳಗೆ ಮಾಡಿಸಿಕೊಳ್ಳಿ. ಹಿಂದಿನ ಮಾಲೀಕರು ಸೈಲೆನ್ಸರ್ ಬದಲಿಸಿದ್ದರೆ ಮೂಲದ್ದನ್ನು ಹಾಕಿಸಿಕೊಂಡೇ ತನ್ನಿ. ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆ ಸಲ್ಲದೆಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಮೂಲ ಸೈಲೆನ್ಸರಿನ ಸದ್ದಿಗೇ ದಾರಿಯ ಎತ್ತುಗಳು ಬೆದರುತ್ತವೆ.

ಕೊನೆಯದು ಗೋದಾಮು. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ, ಎಂಜಿನ್ ಎಣ್ಣೆ ಪೂರ್ತಿ ಬಿಸಿಯಾಗುವವರೆಗೆ ಓಡಿಸಿ. ಎಣ್ಣೆ 80 ಡಿಗ್ರಿ ಮುಟ್ಟುವ ತನಕ 4,000 ಸುತ್ತು ಮೀರಬೇಡಿ. ಓಡಿಸದ ದಿನಗಳಲ್ಲಿ ಬ್ಯಾಟರಿಗೆ ನಿರ್ವಹಣಾ ಚಾರ್ಜರ್ ಹಚ್ಚಿಡಿ. ಆದರೆ ಗಿರಣಿಯ ಗೋದಾಮು ಮಾತ್ರ ಬೇಡವೇ ಬೇಡ. ತೌಡಿನ ದೂಳು ಒಂದು ಕಾರಣ, ಇಲಿಗಳು ದೊಡ್ಡ ಕಾರಣ: ಅಕ್ಕಿ ತಿಂದು ಕೊಬ್ಬಿದ ಇಲಿ ಹಲ್ಲು ಸವೆಸಲು ಬೆಚ್ಚಗಿನ ಎಂಜಿನ್ನಿನೊಳಗೆ ಸೇರಿ ವೈರು ಕಡಿಯುತ್ತದೆ, ಈ ಕಾರಿನ ಒಂದು ವೈರಿಂಗ್ ಹಾರ್ನೆಸ್ ಬಿಚ್ಚಿ ಹಾಕಲು ಬೆಂಗಳೂರಿನವರೆಗೆ ಲಾರಿಯಲ್ಲಿ ಒಯ್ಯಬೇಕು. ಮನೆಯ ಪಕ್ಕದಲ್ಲಿ ಗಾರೆ ನೆಲದ, ಸಂದುಗಳಿಗೆ ಸಣ್ಣ ಕಣ್ಣಿನ ಜಾಲರಿ ಬಿಗಿದ ಒಂದು ಶೆಡ್ ಕಟ್ಟಿಸಿ, ಅದರ ಹೊಸ್ತಿಲನ್ನು ರಸ್ತೆಯ ಮಟ್ಟಕ್ಕೇ ಇಡಲು ಮೇಸ್ತ್ರಿಗೆ ಮೊದಲೇ ಹೇಳಿಬಿಡಿ.